ಮೂವತ್ತೊಂದನೇ ಸಾಲು

ಬೀಜದ ಡಬ್ಬ ಎಣಿಸುವುದು ತುಳುವಿನಲ್ಲಿ,
ಸಂಬಳ ಎಣಿಸುವುದು ಕನ್ನಡದಲ್ಲಿ,
ಈ ನೂಲಿನ ಕಂಬಗಳನ್ನು ಮಾತ್ರ
ಕೊಂಕಣಿಯಲ್ಲೇ ಎಣಿಸಬೇಕು ನಾನು.
ಏಕ್, ದೋನ್, ತೀನ್, ಚಾರ್...
ಕಲಿಸಿದವಳು ಸೆರಫಿನ್ ಬಾಯಿ.
ಬೇರೆ ಭಾಷೆಗೆ ನಾಲಗೆ ಹೊರಳಿದರೆ
ಕಡ್ಡಿಯ ಕೊಕ್ಕೆಗೆ ದಾರಿ ತಪ್ಪುತ್ತದೆ.

ಕುಲಶೇಖರದ ಇಳಿಜಾರಿನಲ್ಲಿ
ನಮ್ಮೆರಡು ಮನೆಗೆ ಒಂದೇ ಬಾವಿ, ಎರಡು ರಾಟೆ.
ಗೇರುಬೀಜದ ಫ್ಯಾಕ್ಟರಿ ಬಿಟ್ಟು ಬಂದವಳೇ
ಕೈಗೆ ಮೊದಲು ತೆಂಗಿನೆಣ್ಣೆ, ಆಮೇಲೆ ಬೂದಿ,
ಆಮೇಲೆ ಬಾರ್ ಸೋಪು, ಹಿಂಡಿದ ಲಿಂಬೆಯ ಸಿಪ್ಪೆ.
ಆದರೂ ಹೆಬ್ಬೆರಳ ಸಂದಿಯಲ್ಲಿ ಕಪ್ಪು ಉಳಿಯುತ್ತದೆ.
ಇಪ್ಪತ್ತಾರು ವರ್ಷದ ಬೀಜದೆಣ್ಣೆ
ನೀರಿಗೆ ಹೆದರುವಂಥದ್ದಲ್ಲ.

ತೋರುಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿ ಕೂರುತ್ತೇನೆ.
ಮಡಿಲಲ್ಲಿ ಬಿಳಿ ನೂಲಿನ ಉಂಡೆ,
ಹಂಪನಕಟ್ಟೆಯಲ್ಲಿ ಚೌಕಾಸಿ ಮಾಡಿ ತಂದದ್ದು.
"ಬಿಳಿ ಯಾಕಕ್ಕ? ಕಂದು ತೆಗೊಳ್ಳಿ, ಕೊಳೆ ಕಾಣುವುದಿಲ್ಲ"
ಅಂದಿದ್ದ ಅಂಗಡಿಯ ಹುಡುಗ.
ಕೊಳೆ ಕಾಣದ ಬಣ್ಣಗಳಲ್ಲೇ
ಐವತ್ತೊಂದು ತುಂಬಿತು ಮಾರಾಯ ಎನ್ನಲಿಲ್ಲ.
ಹತ್ತು ಉಂಡೆ ಕೊಡು ಅಂದೆ.

ಸೆರಫಿನ್ ಬಾಯಿ ಕಾನ್ವೆಂಟಿನ ಸಿಸ್ಟರಿಂದ ಕಲಿತವಳು,
ಇಗರ್ಜಿಯ ಪೀಠಕ್ಕೆ ಅಂಚು ಹೆಣೆದವಳು,
ರೇಡಿಯೋಕ್ಕೆ, ಫ್ರಿಜ್ಜಿಗೆ, ಟೀವಿಯ ತಲೆಗೆ
ಸೂರ್ಯಕಾಂತಿಯ ಬಿಳಿ ಅಂಗಿ ತೊಡಿಸಿದವಳು.
ಟೀವಿಗೆ ಆಗುವುದು ನನಗೆ ಯಾಕಾಗದು ಎಂದು
ಒಂದು ದಿನ ಕೇಳಿಯೇ ಬಿಟ್ಟೆ.
ಕಟ್ಟಿಸಿದ ಹಲ್ಲು ಜಾರುವಷ್ಟು ನಕ್ಕಳು,
ಆಮೇಲೆ ಗೇಣು ಹಾಕಿ ನನ್ನ ಬೆನ್ನು ಅಳೆದಳು.

ಅತ್ತಿಗೆ ಬಂದವಳು ಬೆಳಕಿಗೆ ಹಿಡಿದು ನೋಡಿದಳು:
"ರವಿಕೆಯೋ ಇದು, ಜರಡಿಯೋ?"

ಐವತ್ತಮೂರನೇ ಸಾಲಿನಲ್ಲಿದ್ದೆ.
ಕಣ್ಣಿಗೆ ಪೊರೆ ಬಂದ ಸೆರಫಿನ್ ಬಾಯಿ
ಜಪಸರದ ಮಣಿ ಸರಿಸುವ ಹಾಗೆ
ಬೆರಳಲ್ಲಿ ಕಂಬ ಸರಿಸುತ್ತಾ ಇಳಿದಳು, ಇಳಿದು ನಿಂತಳು.
"ವಾರಿಜಾ, ಮೂವತ್ತೊಂದರಲ್ಲಿ ಒಂದು ಕಂಬ ನುಂಗಿದ್ದೀ."

ಮೂವತ್ತೊಂದು. ಯಾವ ಸಂಜೆ ಅದು?
ಲಾರಿಯಿಂದ ಹೊಸ ಯಂತ್ರ ಇಳಿದ ಸಂಜೆ.
ಪ್ಲಾಸ್ಟಿಕ್ ಸುತ್ತಿ, ಮೂಗಿಗೆ ಹೂಮಾಲೆ ಹಾಕಿ,
ತೆಂಗಿನಕಾಯಿ ಒಡೆದು ಒಳಗೆ ತಳ್ಳಿದ್ದರು.
ಹನ್ನೆರಡು ಜನರ ಕೆಲಸ ಒಂದೇ ಮಾಡುತ್ತದಂತೆ.
ಮನೆಗೆ ಬಂದು ಕಡ್ಡಿ ಹಿಡಿದಿದ್ದೆ,
ಐಸಮ್ಮ, ಕಮಲಾಕ್ಷಿ, ಗ್ರೆಟ್ಟಾ, ಅಪ್ಪಿ,
ಯಾವ ಹನ್ನೆರಡು ಎಂದು ಒಳಗೊಳಗೇ ಲೆಕ್ಕ.
ಸಾತ್, ಆಟ್ ಎನ್ನುತ್ತಿದ್ದ ಬಾಯಿ
ಒರ್ಂಬ, ಪತ್ತ್ ಎಂದಿರಬೇಕು.

"ಬಿಚ್ಚು" ಅಂದಳು.
"ಯಾರಿಗೆ ಕಾಣುತ್ತದೆ ಬಾಯಿ?"
"ನನಗೇ ಕಂಡಿತಲ್ಲ."

ಕತ್ತರಿ ತಾಗಿದ ಬಟ್ಟೆ ಹಿಂದೆ ಬರುವುದಿಲ್ಲ.
ಇದು ಬರುತ್ತದೆ.
ತುದಿ ಹಿಡಿದು ಎಳೆದರೆ ಸರ್ರನೆ
ಎರಡು ತಿಂಗಳ ಸಂಜೆಗಳು,
ಗಂಜಿಗೆ ಒಂದು ಕುದಿ ಬರುವಷ್ಟರಲ್ಲಿ ಮಡಿಲ ತುಂಬ ನೂಲು.
ನೂಲು ಮಾತ್ರ ನೆಟ್ಟಗಾಗಲಿಲ್ಲ,
ಗುಂಗುರು ಗುಂಗುರಾಗಿ
ಬಿಟ್ಟ ಗಂಟುಗಳನ್ನೇ ನೆನೆಯುತ್ತಿತ್ತು.
ಅದರಲ್ಲೇ ಮತ್ತೆ ಹೆಣೆದೆ.
ಅವಳು ಪಕ್ಕದಲ್ಲಿ ಕೂತು ಎಣಿಸಿಕೊಟ್ಟಳು, ಗಟ್ಟಿಯಾಗಿ.
ಬಿಟ್ಟ ಕಂಬ ಅದರ ಜಾಗದಲ್ಲಿ ಬಂದು ನಿಂತಿತು.
ಈಗ ಎಷ್ಟು ತಡವಿದರೂ
ಆ ಸಂಜೆ ಎಲ್ಲಿತ್ತೆಂದು ಬೆರಳಿಗೆ ಸಿಗುವುದಿಲ್ಲ.
ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ.

ನಿನ್ನೆ ತೊಟ್ಟು ನೋಡಿದೆ.
ಗುಂಡಿ ಬೆನ್ನಿಗೆ. ಇನ್ನು ಬೇಕಾಗದ
ಫ್ಯಾಕ್ಟರಿಯ ಏಪ್ರನ್ನಿನಿಂದ ಕಿತ್ತು ಹೊಲಿದದ್ದು.
ಕೈ ಎಟುಕಲಿಲ್ಲ.
ಬಾವಿಕಟ್ಟೆಯ ಮೇಲೆ ಕೂರಿಸಿ ಸೆರಫಿನ್ ಬಾಯಿಯೇ ಹಾಕಿದಳು,
ನನ್ನ ಭಾಷೆಯಲ್ಲಿ ಎಣಿಸುತ್ತಾ,
ಒಂಜಿ... ರಡ್ಡ್... ಮೂಜಿ...

ಏಪ್ರನ್ನಿಗೆ ಇದ್ದದ್ದೇ ಮೂರು.
ಹೇಳದೆ ಸುಮ್ಮನೆ ಕೂತಿದ್ದೆ,
ತಣ್ಣಗಿನ ಬೆರಳು ಬೆನ್ನ ಮೇಲೆ
ನಾಲ್ಕನೆಯದನ್ನು ಹುಡುಕುತ್ತಿತ್ತು.