ಉಳದ ಎಕರೆ

ಅಕ್ಟೋಬರ್ ಮೊದಲ ವಾರ ನಮ್ಮ ಕೌಂಟಿಯಲ್ಲಿ
ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ.
ಸರ್ಕಾರದ ದುಡ್ಡು ಬಂದು ಬಿದ್ದಿರುತ್ತದೆ ಖಾತೆಗೆ,
ಉಳದೆ ಬಿಟ್ಟ ನೆಲಕ್ಕೆ, ಎಕರೆಗೆ ಮೂವತ್ತೆಂಟು ಡಾಲರು.
ವಾರಪತ್ರಿಕೆಯವನು ಪಟ್ಟಿ ಅಚ್ಚು ಹಾಕಿದ ವರ್ಷ
ಧಾನ್ಯದ ಗೋದಾಮಿನ ಕಟ್ಟೆಯ ಮೇಲೆ ಕಾಫಿ ಆರಿ ಹೋಯಿತು.
ಕೈ ಕೆಸರಾಗದೆ ಬಾಯಿಗೆ ಮೊಸರು ಎಂದು ಹಂಗಿಸಿದವನ ಹೆಸರೂ
ಇತ್ತು ಅದರಲ್ಲಿ, ಹದಿನಾರನೆಯದು.

ನಾನು ಆ ಕಚೇರಿಯ ಗುಮಾಸ್ತೆ, ಹತ್ತೊಂಬತ್ತು ವರ್ಷದಿಂದ.
ಯಾರ ಹೊಲ ಎಷ್ಟು ಇಳಿಜಾರು, ಅಳಿಯನ ಪಾಲೆಷ್ಟು,
ಯಾವ ವಿಚ್ಛೇದನ ಯಾವ ಬೇಲಿ ಹಾರಿತು,
ಎಲ್ಲ ಗೊತ್ತು. ಹೇಳುವಂತಿಲ್ಲ.

ಧೂಳಿನ ವರ್ಷಗಳಲ್ಲಿ ನನ್ನಜ್ಜಿ
ಕಿಟಕಿಗೆ ಒದ್ದೆ ದುಪ್ಪಟಿ ಕಟ್ಟಿ
ತಟ್ಟೆಗಳನ್ನು ಬೋರಲು ಇಡುತ್ತಿದ್ದಳಂತೆ.
ಉಣ್ಣಲು ಎತ್ತಿದರೆ ಅಡಿಯಲ್ಲೊಂದು ಸ್ವಚ್ಛ ವೃತ್ತ:
ಅಷ್ಟಗಲ ಮಾತ್ರ
ಪಕ್ಕದವರ ಹೊಲ ಬಂದು ಕೂತಿರಲಿಲ್ಲ ಮೇಜಿನ ಮೇಲೆ.
ಫಾರಂ ತುಂಬಿಸುವಾಗ ಇದನ್ನು ಯಾರಿಗೂ ಹೇಳುವುದಿಲ್ಲ;
ಅದಕ್ಕೂ ಒಂದು ಕಾಲಂ ಇಲ್ಲ.

ವರ್ಜಿಲ್ ಪೆಂಕಾ ಇಪ್ಪತ್ತೆರಡು ವರ್ಷ ಉತ್ತ
ನೂರಾ ಅರವತ್ತು ಎಕರೆಯ ಒಡತಿ ಆರ್ಡಿತ್ ವಾನ್‌ಲೆಮ್.
ಟೂಸಾನಿನಲ್ಲಿ ಹಲ್ಲು ಕೀಳುತ್ತಾಳೆ,
ಇಲ್ಲಿ ಹುಲ್ಲು ಬೆಳೆಸಿದಳು.
ಉಳುವವನು ಒಡೆಯನಲ್ಲ, ಒಡತಿ ಉಳುವವಳಲ್ಲ,
ಉಳುವುದಿಲ್ಲ ಎಂಬುದಕ್ಕೆ ರುಜು ಮಾತ್ರ ಅವಳದು, ಹತ್ತು ವರ್ಷಕ್ಕೆ.
ತಾನು ಗೋಧಿ, ಜೋಳ ಬೆಳೆದಲ್ಲೇ
ಗಂಟೆಯ ಕೂಲಿಗೆ ಮುಳ್ಳುಗಿಡ ಸವರಿದ ವರ್ಜಿಲ್
ಆಗಸ್ಟಿನಲ್ಲಿ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು.
ಅವನ ಗ್ಯಾರೇಜಿನಲ್ಲಿ ಡಿಸ್ಕು ತುಕ್ಕು ಹಿಡಿಯಲಿಲ್ಲ.
ವರ್ಷಕ್ಕೆರಡು ಸಲ ಎಣ್ಣೆ ಹಚ್ಚುತ್ತಿದ್ದನೆಂದು
ಅವನ ಹೆಂಡತಿ ಲಿಯೋಟಾ ಹೇಳಿದ್ದಳು, ನಗದೆ.

ಕರಾರು ಮುಗಿಯಿತು. ಜೋಳದ ಬೆಲೆ ಏರಿತ್ತು.
ಒಡತಿ ಫೋನ್ ಮಾಡಿದಳು: ನೆಲ ನಿನ್ನದೇ, ಬಾಡಿಗೆ ಇಷ್ಟು.

ಜುಲೈ ತಿಂಗಳ ಬಿತ್ತನೆ ಲೆಕ್ಕಕ್ಕೆ ಬಂದ.
ಜೋಳ, ನೂರಾ ನಲವತ್ತೊಂಬತ್ತು, ಎಂದ.
ಉಳಿದ ಹನ್ನೊಂದು?
ನಕ್ಷೆಯ ಮೇಲೆ ಬೆರಳಿಟ್ಟ. ಸವುಳು ದಿಣ್ಣೆ,
ಅವನ ಕಾಲದಲ್ಲೂ ಅಲ್ಲಿ ಏನೂ ಹುಟ್ಟುತ್ತಿರಲಿಲ್ಲ.
"ಏಪ್ರಿಲ್‌ನಲ್ಲಿ ಹೋದೆ, ಇನ್ನೂ ಬೆಳಗಾಗಿರಲಿಲ್ಲ.
ಖಾಲಿ ಸೀಸೆಯ ಬಾಯಿಗೆ ಯಾರೋ ಊದಿದ ಹಾಗೆ ಸದ್ದು.
ಎಂಜಿನ್ ಏನಾದರೂ ಕೆಟ್ಟಿತೇ ಅಂತ ಆರಿಸಿದೆ.
ಸದ್ದು ನಿಲ್ಲಲಿಲ್ಲ."
ಹುಲ್ಲುಗಾವಲಿನ ಕಾಡುಕೋಳಿಗಳು. ಇಪ್ಪತ್ತಾರು ಹುಂಜ.
ಕತ್ತಿನಲ್ಲಿ ಕಿತ್ತಳೆಯಂಥ ಚೀಲ ಉಬ್ಬಿಸಿ
ಪುಟ್ಟ ಪಾದಗಳಲ್ಲಿ ನೆಲ ಗುದ್ದುತ್ತಿದ್ದವಂತೆ.
"ನನ್ನ ಟ್ರ್ಯಾಕ್ಟರಿಗೆ ಜಾಗ ಬಿಡಲಿಲ್ಲ ಮುಂಡೇವು."

ಬೆಳೆ ಏನಂತ ಬರೆಯಲಿ?
"ಕೋಳಿ."
ಆ ಕೋಡ್ ಇಲ್ಲ, ವರ್ಜಿಲ್.
ಇಷ್ಟಕ್ಕೆಲ್ಲ ಸಹಾಯಧನ ಬರುವುದಿಲ್ಲ, ಅರ್ಜಿಯ ಗಡುವೂ ದಾಟಿದೆ.
"ಕೇಳಿದೆನಾ ನಾನು?"
ಬಾಡಿಗೆ ನೂರಾ ಅರವತ್ತಕ್ಕೂ ಕಟ್ಟುತ್ತಾನೆ, ಕಡತದಲ್ಲಿದೆ.

ಉಳು, ಉಳಿ. ಒಂದು ಗುಣಿತದ ದೂರ.
ನಾನು ಬೀಳು ಎಂದು ಒತ್ತಿದೆ.
ಕಾರಣ ಕೇಳಿತು ಕಂಪ್ಯೂಟರು; ಖಾಲಿ ಬಿಟ್ಟೆ.
ಬಾಗಿಲವರೆಗೆ ಹೋದವನು ತಿರುಗಿ ಬಂದ:
ಗೋದಾಮಿನ ಕಟ್ಟೆಯವರಿಗೆ ಮಾತ್ರ ತಿಳಿಯಬಾರದು.
ನನ್ನ ಪೆನ್ನನ್ನು ಜೇಬಿಗಿಟ್ಟುಕೊಂಡೇ ಹೋದ.