ಐದನೆಯ ಬಿರಡೆ

ದಿಂಬಿನ ಗವಸಿನಲ್ಲಿ ಸುತ್ತಿ ತಂದ,
ಹಸುಗೂಸನ್ನು ತಂದಂತೆ, ತಲೆಗೆ ಕೈ ಆನಿಸಿ.
"ರಿಪೇರಿಯ ಲುವೀನಿಯಾ ಅಂದರೆ ನೀವೇನಾ?
ಬೆಲೆ ಕಟ್ಟಿಸಬೇಕಿತ್ತು."
ಯಾಡ್ಕಿನ್ ಹೊಳೆಯಾಚೆಯ ಹುಡುಗ, ಹೆಸರು ಡೆಲ್‌ಮಾರ್,
ಬೂಟಿನಲ್ಲಿ ಹೊಗೆಸೊಪ್ಪಿನ ಹೊಲದ ಕೆಂಪು ಮಣ್ಣು.

ನಾನು ಯಾವುದನ್ನೂ ಮೊದಲು ನುಡಿಸುವುದಿಲ್ಲ.
ಮೂಸುತ್ತೇನೆ.
ಇಲಿಯ ಉಚ್ಚೆ, ಸೀಮೆಎಣ್ಣೆ, ಒಲೆಯ ಮಸಿ,
ಅದರಡಿ, ಬಹಳ ಅಡಿಯಲ್ಲಿ,
ಯಾರದೋ ಅಂಗೈ ಬೆವರು.

ಬಳೆ ಹಿಕರಿ ಮರದ್ದು.
ಜರಡಿಯ ಅಂಚಿನ ಹಾಗೆ ಹಬೆಯಲ್ಲಿ ಬೇಯಿಸಿ ಬಾಗಿಸಿ,
ತುದಿ ತುದಿ ಕೂಡುವಲ್ಲಿ ತೆಳ್ಳಗೆ ಹೆರೆದು
ಆರು ತಾಮ್ರದ ಮೊಳೆ. ಏಳನೆಯದಕ್ಕೆ ತಾಮ್ರ ಸಾಲದೆ
ಕುದುರೆ ಲಾಳದ ಮೊಳೆ.
ತೊಗಲು ಕರುವಿನದು, ಬಿಗಿಯಲು ಹದಿನಾಲ್ಕು ಕೊಕ್ಕೆ.
ಕಮ್ಮಾರ ಒಂದರಂತೆ ಇನ್ನೊಂದನ್ನು ಬಡಿದಿಲ್ಲ;
ಒಂದಕ್ಕೆ ಬಾಲ ಜಾಸ್ತಿ, ಎಷ್ಟು ಅಂಗಿಯ ತೋಳು ಹರಿದಿದೆಯೋ.
ಕತ್ತು ವಾಲ್‌ನಟ್. ಮೆಟ್ಟುಗಳಿಲ್ಲ.
ಸ್ವರವನ್ನು ಬೆರಳೇ ಹುಡುಕಿಕೊಳ್ಳಬೇಕು,
ಕತ್ತಲಲ್ಲಿ ಚಿಲಕ ಹುಡುಕಿದ ಹಾಗೆ.

ಇದರ ಹಿರಿಯರು ಸೋರೆಬುರುಡೆಗಳು.
ನಮ್ಮ ಹಿರಿಯರೊಂದಿಗೆ ಹಡಗಿನಲ್ಲಿ ಬಂದವು,
ಕೈಯಲ್ಲಲ್ಲ, ಕೈಗೆ ಕೋಳವಿತ್ತು,
ನೆನಪಿನಲ್ಲಿ.

ಇಷ್ಟು ನೋಡಿ ಆಯಿತು. ಆಮೇಲೆ ಕತ್ತಿನ ಉದ್ದಕ್ಕೂ
ಹೆಬ್ಬೆರಳು ಆಡಿಸಿದೆ. ನಡುವೆ ನಿಂತಿತು.

ಐದನೆಯ ತಂತಿ ಗಿಡ್ಡ, ಗೊತ್ತಲ್ಲ,
ತಲೆಯವರೆಗೆ ಹೋಗದೆ ಅರ್ಧದಾರಿಯಲ್ಲೇ
ಪಕ್ಕದ ಬಿರಡೆಗೆ ಕಟ್ಟಿಸಿಕೊಳ್ಳುತ್ತದೆ.
ಹಾಡು ಎಲ್ಲಿಗೇ ಹೋಗಲಿ, ತಾನು ಕೂತಲ್ಲೇ ಕೂತು
ಒಂದೇ ಮಾತು ಹೇಳುತ್ತಿರುತ್ತದೆ,
ಮನೆ ತುಂಬ ಜಗಳವಾದರೂ
ಹೊಲಿಗೆ ಕೆಳಗಿಡದ ಸೋದರತ್ತೆಯ ಹಾಗೆ.
ಅದರ ಬಿರಡೆ ಇರಬೇಕಾದ ಬದಿಯಲ್ಲಿ ಬೆಣೆ.
ಅದೇ ವಾಲ್‌ನಟ್, ಎಳೆಗೆ ಎಳೆ ಕೂಡಿಸಿದ್ದು,
ಕಣ್ಣಿಗೆ ಕಾಣದು, ಚರ್ಮಕ್ಕೆ ಮಾತ್ರ.
ಎದುರು ಬದಿಗೆ ಒಂದು ತುಂಡು ಅಂಟಿಸಿ
ಅಲ್ಲಿ ಹೊಸ ತೂತು, ಹೊಸ ಬಿರಡೆ.

"ಯಾರೋ ಎಡಚ ಕೆಡಿಸಿದ್ದಾನಂತೆ," ಡೆಲ್‌ಮಾರ್ ಅಂದ,
"ಮೊದಲಿನ ಹಾಗೆ ಮಾಡಿಸಿ ತಂದರೆ
ಪೇಟೆಯ ವ್ಯಾಪಾರಿ ಎರಡರಷ್ಟು ಕೊಡುತ್ತಾನೆ."

ಎಡಚನಲ್ಲ ಮಗಾ. ಸವೆತ ನೋಡು.
ಕತ್ತಿನ ಬೆನ್ನಿಗೆ ಈ ಮಗ್ಗುಲಲ್ಲಿ ಹೆಬ್ಬೆರಳು ತೇಯ್ದ ತಗ್ಗು,
ಇಪ್ಪತ್ತು ವರ್ಷದ ತಗ್ಗು.
ಆ ಮಗ್ಗುಲಲ್ಲಿ ಇನ್ನೊಂದು, ಅಷ್ಟು ಆಳವಿಲ್ಲ.
ನಿಮ್ಮ ಮನೆಯಲ್ಲಿ ಯಾರಿಗೆ ಬೆರಳಿರಲಿಲ್ಲ?

ಫ್ಯಾನು ತಿರುಗಿತು. ಅವನು ಟೋಪಿ ತೆಗೆದ, ಹಾಕಿಕೊಂಡ.
"ಮುತ್ತಜ್ಜ. ಎನೋಕ್. ಕಲ್ಲುಗಣಿಯಲ್ಲಿ ಸಿಡಿದು
ಎಡಗೈಯ ಮೂರು ಹೋದವು.
ಹಲ್ಲಿನಿಂದ ಅಂಗಿಯ ಗುಂಡಿ ಹಾಕುತ್ತಿದ್ದ ಅಂತ ಕೇಳಿದ್ದೆ.
ಇದನ್ನು ಯಾರೂ ಹೇಳಲಿಲ್ಲ."

ಐದು ಬೆರಳೂ ಸಮವಲ್ಲ, ಸರಿ. ಎರಡೇ ಉಳಿದರೆ?
ತಂತಿ ಒತ್ತುವ ಕೈಗೆ ಎಲ್ಲವೂ ಬೇಕು.
ಬಾರಿಸುವ ಕೈಗೆ, ನಮ್ಮ ಹಳೆಯ ಪದ್ಧತಿಯಲ್ಲಿ,
ತೋರುಬೆರಳ ಉಗುರೊಂದು, ಹೆಬ್ಬೆರಳೊಂದು:
ಮೇಲಿಂದ ಹೊಡೆಯಲು ಅದು,
ಗಿಡ್ಡ ತಂತಿಯನ್ನು ಎಬ್ಬಿಸಲು ಇದು.
ಅವನ ಬಳಿ ಇದ್ದದ್ದೇ ಅವೆರಡು.
ಕೈ ಬದಲಿಸಲಾಗಲಿಲ್ಲ. ಮರವನ್ನು ಬದಲಿಸಿದ.

ಹೊಸ ತೂತು ಎರಡು ಸಲ ಶುರುವಾಗಿದೆ,
ಮೊದಲ ಸಲ ಬೈರಿಗೆ ಜಾರಿದೆ.
ಏಳು ಬೆರಳಿನ ಕೆಲಸವೋ,
ಹೆಂಡತಿ ಕತ್ತು ಹಿಡಿದುಕೊಂಡಳೋ,
ಬಳೆಯ ಒಳಗೆಲ್ಲ ಟಾರ್ಚು ಬಿಟ್ಟು ನೋಡಿದೆ,
ಏನೂ ಬರೆದಿಲ್ಲ.
ಬೆಣೆ ಮಾತ್ರ ಜಾರಿಲ್ಲ.

"ತೊಗಲಿಗೆ, ತಂತಿಗೆ, ಸೇರಿ ನೂರಿಪ್ಪತ್ತು ಡಾಲರ್," ಅಂದೆ.
"ಬೆಣೆ ಮುಟ್ಟುವುದಿಲ್ಲ. ಬೇಕಿದ್ದರೆ ಬೇರೆ ಅಂಗಡಿ ಇದೆ."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಹರಿಯದೆ ಉಳಿದಿದ್ದದ್ದು ಗಿಡ್ಡ ತಂತಿ ಒಂದೇ.
ಎಡಗೈ ತಂದ, ಮೂರು ಬೆರಳು ಮಡಚಿದನೋ
ಅಥವಾ ಅವು ತಾವೇ ಮಡಚಿಕೊಂಡವೋ,
ಹೆಬ್ಬೆರಳಿನಿಂದ ಮೀಟಿದ.
ತೊಗಲು ಸಡಿಲ. ತಗಡಿನ ಡಬ್ಬಿಯ ದನಿ.
ಮತ್ತೊಮ್ಮೆ ಮೀಟಿದ.

ಬ್ಯಾಂಜೋ ಬೆಂಚಿನ ಮೇಲಿದೆ.
ದಿಂಬಿನ ಗವಸನ್ನು ಮಡಿಸಿ ತಾನೇ ಒಯ್ದ,
ಅದರಲ್ಲಿ ವಾಪಸು ಒಯ್ಯುವುದಕ್ಕೋ,
ಅಮ್ಮನಿಗೆ ಲೆಕ್ಕ ಕೊಡುವುದಕ್ಕೋ.
ಮಂಗಳವಾರ ಬರಲಿ, ನೋಡೋಣ.
ತೊಗಲು ನೆನೆಹಾಕಿದ್ದೇನೆ.