ಕೀಲಿನ ಕಡೆ

ಬಾಗಿಲು ಎಂದರೆ ಎಲ್ಲರೂ ಹಿಡಿಕೆ ನೋಡುತ್ತಾರೆ,
ನಾನು ಅದರ ಬೆನ್ನು ನೋಡುತ್ತೇನೆ.
ಹಿಡಿಕೆಯ ಕಡೆ ಬಡಿದರೆ ಸದ್ದಾಗುತ್ತದೆ, ಹಿಂದೆಯೇ ಬೈಗುಳ.
ಕೀಲಿನ ಕಡೆ ಎಲ್ಲ ಮೆಲ್ಲಗೆ:
ತೆರೆದಾಗ ಸಂದು ಬಾಯಿ ಬಿಡುತ್ತದೆ,
ಮುಚ್ಚಿದಾಗ ಅಗಿಯುತ್ತದೆ.
ಬೆರಳು ಕೊಟ್ಟರೆ ಹಸ್ತ ನುಂಗುವ ಜನರನ್ನು ಕಂಡಿದ್ದೇನೆ.
ಬಾಗಿಲಿಗೆ ಅಷ್ಟು ದುರಾಸೆಯಿಲ್ಲ,
ಅದಕ್ಕೆ ತುದಿ ಸಾಕು.

ಥರ್ಸೋ ಊರಿನ ಶಾಲೆ ಇದು, ಸ್ಕಾಟ್‌ಲೆಂಡಿನ ನೆತ್ತಿ.
ಆಟದ ಬಯಲಿನಾಚೆ ಕಡಲು.
ಮರಗಳು ಹೆಸರಿಗೆ ಎರಡು, ಎರಡೂ ಗೂನು.
ಗಾಳಿ ಇಲ್ಲಿ ನೆಂಟನಲ್ಲ, ಮನೆಯಳಿಯ.
ಮೂವತ್ತೇಳು ಬಾಗಿಲು,
ಎಲ್ಲದರ ಬೀಗದಕೈ ನನ್ನ ಸೊಂಟದಲ್ಲಿ
ಹತ್ತೊಂಬತ್ತು ವರ್ಷದಿಂದ.

ಫೆಬ್ರವರಿಯ ಒಂದು ಮಂಗಳವಾರ.
ಊಟದ ಗಂಟೆ ಹೊಡೆದಿತ್ತು, ಸೂಪಿನ ವಾಸನೆ ಬರುತ್ತಿತ್ತು.
ಪುಟ್ಟ ಎಫಿ ಬಜ್, ಐದು ವರ್ಷ,
ಒಂದು ಬೂಟು ಹಾಕಿಕೊಂಡು ಇನ್ನೊಂದಕ್ಕೆ ಬಗ್ಗಿದವಳು
ಬೀಳದಿರಲೆಂದು ಚೌಕಟ್ಟು ಹಿಡಿದಳು.
ಅಷ್ಟೇ. ತುಂಟತನವೇನಲ್ಲ.
ಲಾಕ್ಲನ್ ಬಾಗಿಲು ಹಿಡಿದು ನಿಂತಿದ್ದ, ಅವಳಿಗಾಗಿಯೇ,
ಮರ್ಯಾದೆಯ ಹುಡುಗ.
ಅತ್ತ ಹೊರಬಾಗಿಲನ್ನು ಯಾರೋ ತೆರೆದರು.
ಗಾಳಿ ಒಳಗೆ ಬಂತು,
ಬಾಗಿಲು ಅವನ ಕೈ ತಪ್ಪಿತು.
ಕೈ ತಪ್ಪಿದ್ದು; ತಪ್ಪಲ್ಲ.
ಏಳು ವರ್ಷದವನಿಗೆ ಇದನ್ನು ಹೇಗೆ ಬಿಡಿಸಿ ಹೇಳಲಿ?

ಚೀರಾಟ ನನಗೆ ನೆನಪಿಲ್ಲ.
ನೆನಪಿರುವುದು, ಟವೆಲಿನಲ್ಲಿ ಕೈ ಸುತ್ತಿಸಿಕೊಂಡು
ಅವಳು ಕೇಳಿದ್ದು:
"ನನ್ನ ಇನ್ನೊಂದು ಬೂಟು ಎಲ್ಲಿ?"

ಅಪಘಾತದ ಪುಸ್ತಕದಲ್ಲಿ ಒಂದು ಕಾಲಂ, ಕಾರಣ.
'ಗಾಳಿ' ಎಂದು ಬರೆದೆ.
ಮನೆಗೆ ಹೋದೆ, ಮೀನು ಹುರಿದೆ, ತಿನ್ನಲಾಗಲಿಲ್ಲ.
ಬೆಳಿಗ್ಗೆ ಅದನ್ನು ಹೊಡೆದುಹಾಕಿ ಬರೆದೆ: 'ಸಂದು'.
ಗಾಳಿಯನ್ನು ತಿದ್ದುವುದು ನನ್ನ ಕೆಲಸವಲ್ಲ.

ಕೌನ್ಸಿಲ್ ಹನ್ನೆರಡು ಬಾಗಿಲಿಗೆ ದುಡ್ಡು ಕೊಟ್ಟಿತು.
ತಿದಿಯಂತೆ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ ಪಟ್ಟಿ,
ಸಂದಿನ ಉದ್ದಕ್ಕೂ, ನೆಲ ಮುಟ್ಟುವ ತನಕ,
ಸಣ್ಣ ತರಗತಿಯಲ್ಲಿ ತೆವಳಿ ಆಡುವವರೂ ಇದ್ದಾರಲ್ಲ.
ಉಳಿದ ಇಪ್ಪತ್ತೈದಕ್ಕೆ ನಾನು, ನನ್ನ ಸ್ಕ್ರೂಡ್ರೈವರ್.
ಬಾಗಿಲ ನೆತ್ತಿಯ ತೋಳಿನ ತಿರುಪು ಕಾಲು ಸುತ್ತು ಬಿಗಿಮಾಡಿ
ಅವಸರದ ಬಾಗಿಲುಗಳಿಗೆಲ್ಲ
ಒಂದೇ ವಾರದಲ್ಲಿ ಮುಪ್ಪು ತಂದೆ.

ಲಾಕ್ಲನ್ ಬಾಗಿಲು ಮುಟ್ಟುವುದನ್ನೇ ಬಿಟ್ಟಿದ್ದ.
ಪ್ರತಿ ಹೊಸ್ತಿಲಲ್ಲೂ ಕೈ ಜೇಬಿನಲ್ಲಿ.
ಬೇರೆ ಯಾರಾದರೂ ಬರುವವರೆಗೆ ನಿಲ್ಲುವನು,
ಒಂದಕ್ಕೆ ಅವಸರವಾಗಿದ್ದರೂ.
ಒಂದು ಸಂಜೆ ಕರೆದೆ. ಅಡುಗೆಮನೆಯಿಂದ ಒಂದು ಹಿಡಿ ಗಜ್ಜರಿ ತಂದಿದ್ದೆ.
ಪಟ್ಟಿಯಿಲ್ಲದ ಬಾಗಿಲಿನ ಸಂದಿಗೆ ಒಂದನ್ನಿಟ್ಟು ನಾನೇ ಮುಚ್ಚಿದೆ.
ಕಟಕ್.
ಹುಡುಗ ಬಿಳಿಚಿಕೊಂಡ. ಯಾಕಾದರೂ ತೋರಿಸಿದೆನೋ ಅನಿಸಿತು.
ಪಟ್ಟಿಯಿದ್ದ ಬಾಗಿಲಿಗೆ ಇನ್ನೊಂದನ್ನು
ಅವನೇ ತುರುಕಲು ನೋಡಿದ.
ನಿಂತು, ಬಗ್ಗಿ, ಕುರ್ಚಿ ಹತ್ತಿ,
ಕೊನೆಗೆ ನೆಲದಲ್ಲಿ ಮಲಗಿ.
ಎಲ್ಲೂ ಹೋಗಲಿಲ್ಲ.
ಆಮೇಲೆ ಆ ಗಜ್ಜರಿಯನ್ನು ತಿಂದ.

ಎಫಿಯ ಉಂಗುರ ಬೆರಳಿಗೆ ಬೇಸಿಗೆಯ ಹೊತ್ತಿಗೆ ಉಗುರು ಬಂತು,
ಸ್ವಲ್ಪ ಸೊಟ್ಟ. ಬೆರಳೂ ಒಂದು ಚೂರು ಗಿಡ್ಡ.
ಆಮೆಯ ಚಿಪ್ಪು ಎನ್ನುತ್ತಾಳೆ,
ನೋಡಬೇಕಾದರೆ ಒಂದು ಬಿಸ್ಕತ್ತು ಕೊಡಬೇಕು.

ನಿನ್ನೆ ಏಣಿ ಹೊತ್ತು ಬರುತ್ತಿದ್ದೆ,
ಹದಿನಾಲ್ಕನೆಯ ಬಾಗಿಲು, ಪಟ್ಟಿಯಿಲ್ಲದ್ದು.
ಲಾಕ್ಲನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ,
ಬೆನ್ನಿನಿಂದ ಗಾಳಿಯನ್ನು ನೂಕುತ್ತ.
ಏಣಿ ಇಳಿಸಿ, ಉಸಿರಿಗೆಂದು ಚೌಕಟ್ಟಿಗೆ ಕೈಯೂರಿದೆ.
"ಕೈ, ಮರ್ಡೋ," ಎಂದ.
ನೋಡಿಕೊಂಡೆ.
ಕೀಲಿನ ಕಡೆ, ನಾಲ್ಕೂ ಬೆರಳು
ಹತ್ತೊಂಬತ್ತು ವರ್ಷದಿಂದ ಕೂತ ಜಾಗದಲ್ಲೇ
ಆರಾಮಾಗಿ ಕೂತಿದ್ದವು.